19ನೇ ಶತಮಾನದ ಅಮೆರಿಕನ್ ಚಿನ್ನದ ನಾಣ್ಯ ಕಲೆಕ್ಟ್ ಮಾಡೋದು ಹೇಗೆ: ಶುರು ಮಾಡೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ಹಳೇ ಚಿನ್ನದ ನಾಣ್ಯ ತೋರಿಸಿದ್ರೆ ನಮ್ಮವರು ಮೊದಲು ಕೇಳೋದು ಎಷ್ಟು ಗ್ರಾಂ, ಎಷ್ಟು ಕ್ಯಾರೆಟ್ ಅಂತ, ಆಮೇಲೆ ಎಷ್ಟು ವರ್ಷ ಹಳೇದು ಅಂತ. ಕಲೆಕ್ಟ್ ಮಾಡ್ಬೇಕು ಅಂತಿದ್ರೆ ಇವೆರಡನ್ನೂ ಸ್ವಲ್ಪ ಪಕ್ಕಕ್ಕಿಟ್ಟು ಮೂರನೇ ಪ್ರಶ್ನೆ ಒಂದನ್ನ ರೂಢಿ ಮಾಡ್ಕೊಳ್ಳಿ: ಇದರ ಜೊತೆ ಅಚ್ಚಾದ ಬೇರೆ ನಾಣ್ಯಗಳೆಲ್ಲ ಎಲ್ಲಿ ಹೋದ್ವು, ಇದೊಂದು ಹೇಗೆ ಕರಗದೆ ಉಳೀತು? ಈ ನಾಣ್ಯಗಳ ರೇಟು, ಅಪರೂಪ, ಕೊನೆಗೆ ಮೋಸ ಕೂಡ ಈ ಪ್ರಶ್ನೆ ಸುತ್ತಾನೇ ತಿರುಗೋದು. ಅಮೆರಿಕದಲ್ಲಿರೋ ಕನ್ನಡಿಗರಿಗೆ ಇದು ಜಾಸ್ತಿ ಉಪಯೋಗ ಆಗ್ಬಹುದು, ಊರಲ್ಲಿ ಕೂತು ಓದೋರಿಗೂ ಕಡೇಲಿ ಒಂದೆರಡು ಮಾತಿದೆ.

ಹೆಜ್ಜೆ 1: ಏನೇನಿದೆ ಅಂತ ತಿಳ್ಕೊಳ್ಳಿ

ಲೆಕ್ಕದ ಬುಡ ಅಂದ್ರೆ 10 ಡಾಲರ್ ನಾಣ್ಯ, ಅದಕ್ಕೆ ಈಗಲ್ ಅಂತಾರೆ. 5 ಡಾಲರಿಂದು ಹಾಫ್ ಈಗಲ್, ಎರಡೂವರೆ ಡಾಲರಿಂದು ಕ್ವಾರ್ಟರ್ ಈಗಲ್, 20 ಡಾಲರಿಂದು ಡಬಲ್ ಈಗಲ್. ಇದರ ಜೊತೆ 1849ರಿಂದ 1889ರವರೆಗೆ ಅಚ್ಚಾದ ಪುಟಾಣಿ 1 ಡಾಲರ್ ಇದೆ, 1854ರಿಂದ 1889ರವರೆಗಿನ 3 ಡಾಲರ್ ಇದೆ. 1879-80ರಲ್ಲಿ ಪ್ರಯೋಗಕ್ಕೆ ಅಂತ ಮಾಡಿದ 4 ಡಾಲರಿನ ಸ್ಟೆಲ್ಲಾನೂ ಇದೆ, ಆದ್ರೆ ಅದು ನನ್ನ ನಿಮ್ಮಂಥವರ ಬಜೆಟ್ಟಿನ ಮಾತಲ್ಲ ಬಿಡಿ.

ತೂಕ ಮಾತ್ರ ಬಾಯಿಪಾಠ ಆಗಿರ್ಬೇಕು. ಡಬಲ್ ಈಗಲ್ 33.436 ಗ್ರಾಂ, ಈಗಲ್ 16.718, ಹಾಫ್ ಈಗಲ್ 8.359, ಕ್ವಾರ್ಟರ್ ಈಗಲ್ 4.18, 3 ಡಾಲರ್ 5.015, 1 ಡಾಲರ್ 1.672 ಗ್ರಾಂ. ಇವೆಲ್ಲ ನೂರಕ್ಕೆ 90 ಭಾಗ ಚಿನ್ನ, ಉಳಿದದ್ದು ಹೆಚ್ಚುಕಮ್ಮಿ ತಾಮ್ರ. ಅಂದ್ರೆ ನಮ್ಮ ಅಂಗಡಿಗಳ 916 ಹಾಲ್‌ಮಾರ್ಕಿಗಿಂತ ಒಂದು ಚೂರು ಕಮ್ಮಿ. ತಮಾಷೆ ಏನಂದ್ರೆ 1834ಕ್ಕೆ ಮುಂಚಿನ ಅಮೆರಿಕನ್ ಚಿನ್ನದ ನಾಣ್ಯ ಸರಿಯಾಗಿ 22 ಕ್ಯಾರೆಟ್ಟೇ ಇತ್ತು, ಅದಕ್ಕೇ ಅದು ಉಳೀಲಿಲ್ಲ, ಆ ಕಥೆ ಈಗ ಬರತ್ತೆ.

ಆಮೇಲೆ ಮಿಂಟ್ ಮಾರ್ಕ್, ಅಂದ್ರೆ ಯಾವ ಟಂಕಸಾಲೆಯಲ್ಲಿ (ಮಿಂಟಲ್ಲಿ) ಅಚ್ಚಾಯ್ತು ಅಂತ ಹೇಳೋ ಅಕ್ಷರ. ಫಿಲಡೆಲ್ಫಿಯಾದಲ್ಲಿ ಅಚ್ಚಾದದ್ದಕ್ಕೆ ಗುರುತೇ ಇರಲ್ಲ. ನಾರ್ತ್ ಕೆರೊಲಿನಾದ ಶಾರ್ಲಟ್ಟಿಗೆ ಸಿ, ಜಾರ್ಜಿಯಾದ ಡಲೋನಿಗಾಗೆ ಡಿ, ಈ ಎರಡೂ ಮಿಂಟುಗಳು 1838ರಿಂದ 1861ರವರೆಗೆ ಬರೀ ಚಿನ್ನದ ನಾಣ್ಯಾನೇ ಅಚ್ಚು ಹಾಕಿದ್ದು. ನ್ಯೂ ಆರ್ಲಿಯನ್ಸಿಗೆ ಓ, 1854ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್, 1870ರಲ್ಲಿ ನೆವಾಡಾದಲ್ಲಿ ಶುರುವಾದ ಕಾರ್ಸನ್ ಸಿಟಿಗೆ ಸಿಸಿ. 1906ರಿಂದ ಡೆನ್ವರ್ ಮಿಂಟೂ ಡಿ ಅಕ್ಷರಾನೇ ಬಳಸ್ತು, ಆದ್ರೆ 19ನೇ ಶತಮಾನದ ಚಿನ್ನದ ಮೇಲೆ ಡಿ ಕಂಡ್ರೆ ಅದು ಡಲೋನಿಗಾನೇ. ಗುರುತು ಸಾಮಾನ್ಯವಾಗಿ ಹಿಂದಿನ ಮುಖದಲ್ಲಿ ಹದ್ದಿನ ಕೆಳಗೆ ಇರತ್ತೆ, 1 ಮತ್ತು 3 ಡಾಲರಲ್ಲಿ ಎಲೆಮಾಲೆಯ ಕೆಳಗೆ. 1838-39ರ ಕೆಲವು ನಾಣ್ಯಗಳಲ್ಲಿ ಮಾತ್ರ ಮುಂದಿನ ಮುಖದಲ್ಲಿ ಇಸವಿ ಮೇಲೇ ಇರತ್ತೆ.

ಹೆಜ್ಜೆ 2: ಎಷ್ಟು ಅಚ್ಚಾಯ್ತು ಅನ್ನೋದನ್ನ ಬಿಡಿ, ಎಷ್ಟು ಉಳೀತು ನೋಡಿ

ಹೊಸಬರು ಎಡವೋ ಜಾಗ ಇದೇ. ಮಿಂಟೇಜ್, ಅಂದ್ರೆ ಎಷ್ಟು ಅಚ್ಚಾಯ್ತು ಅನ್ನೋ ಅಂಕಿ ಕಮ್ಮಿ ಇದ್ರೆ ಅಪರೂಪ, ಜಾಸ್ತಿ ಇದ್ರೆ ಮಾಮೂಲಿ ಅಂದ್ಕೊಂಡ್ಬಿಡ್ತಾರೆ, ಮಾರೋರೂ ಅದೇ ಅಂಕಿ ತೋರಿಸ್ತಾರೆ. ಎರಡು ಉದಾಹರಣೆ ಸಾಕು. 1822ರ ಹಾಫ್ ಈಗಲ್ ಮಿಂಟಿನ ಲೆಕ್ಕದ ಪ್ರಕಾರ 17,796 ಅಚ್ಚಾಗಿದೆ, ಇವತ್ತು ಗೊತ್ತಿರೋದು ಮೂರೇ ಮೂರು, ಅದರಲ್ಲಿ ಎರಡು ಸ್ಮಿತ್ಸೋನಿಯನ್ ಮ್ಯೂಸಿಯಮ್ಮಲ್ಲಿವೆ, ಉಳಿದ ಒಂದು 2021ರ ಹರಾಜಲ್ಲಿ 84 ಲಕ್ಷ ಡಾಲರಿಗೆ ಹೋಯ್ತು. ಇನ್ನೊಂದು ಕಡೆ 1880ರ 1 ಡಾಲರ್, ಅದು ಅಚ್ಚಾಗಿದ್ದೇ ಸುಮಾರು 1,600, ಆದ್ರೂ ಚೆನ್ನಾಗಿರೋ ಪೀಸು ಹುಡುಕಿದ್ರೆ ಸಿಗತ್ತೆ, ಯಾಕಂದ್ರೆ ಮಿಂಟೇಜ್ ಕಮ್ಮಿ ಅಂತ ಗೊತ್ತಾಗಿ ಆಗಿನ ಕಾಲದವರೇ ಎತ್ತಿಟ್ಕೊಂಡಿದ್ರು.

ಹಾಗಾದ್ರೆ ಕರಗಿಸಿದ್ದು ಯಾರು? ಇದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಮೊದಲ್ನೇ ಸುತ್ತು 1834ಕ್ಕೆ ಮುಂಚೆ. ಅಮೆರಿಕದ ಕಾನೂನು 1 ಪಾಲು ಚಿನ್ನಕ್ಕೆ 15 ಪಾಲು ಬೆಳ್ಳಿ ಅಂತ ಲೆಕ್ಕ ಕಟ್ಟಿತ್ತು, ಯುರೋಪಿನಲ್ಲಿ ಅದೇ ಚಿನ್ನಕ್ಕೆ ಹದಿನೈದೂವರೆಯಷ್ಟು ಬೆಳ್ಳಿ ಸಿಗ್ತಿತ್ತು, ಅಂದ್ಮೇಲೆ ವ್ಯಾಪಾರಿಗಳು ಸುಮ್ನೆ ಇರ್ತಾರಾ, 5 ಡಾಲರ್ ನಾಣ್ಯ ಹಡಗಿಗೆ ಹಾಕಿ ಆ ಕಡೆ ಕಳ್ಸಿ ಕರಗಿಸಿದ್ರು. 1834ರ ಕಾನೂನು ಹಾಫ್ ಈಗಲ್ ತೂಕ 8.75 ಗ್ರಾಂನಿಂದ 8.36ಕ್ಕೆ ಇಳಿಸಿತು, ಚಿನ್ನದ ಪ್ರಮಾಣಾನೂ ಇಳಿಸಿತು, ಹಳೇ ಭಾರದ ನಾಣ್ಯದಲ್ಲಿ ಮುಖಬೆಲೆಗಿಂತ ಜಾಸ್ತಿ ಚಿನ್ನ ಇದ್ದಿದ್ರಿಂದ ಉಳಿದಿದ್ದೂ ಕುಲುಮೆಗೆ ಹೋಯ್ತು. ಅದಕ್ಕೇ 1820ರ ದಶಕದ ಹಾಫ್ ಈಗಲ್ ಅಂದ್ರೆ ದೊಡ್ಡ ದೊಡ್ಡ ಕಲೆಕ್ಟರುಗಳೂ ಕಾಯ್ತಾ ಕೂರ್ತಾರೆ.

ಎರಡನೇದು ಸಿವಿಲ್ ವಾರ್, ಅಂದ್ರೆ ಅಮೆರಿಕದ ಅಂತರ್ಯುದ್ಧದ ಕಾಲ. 1861ರ ಕೊನೆ ಹೊತ್ತಿಗೆ ಬ್ಯಾಂಕುಗಳು ನೋಟಿಗೆ ಚಿನ್ನ ಕೊಡೋದು ನಿಲ್ಲಿಸಿದ್ವು, ಪೂರ್ವ ರಾಜ್ಯಗಳಲ್ಲಿ ಚಿನ್ನದ ನಾಣ್ಯ ಚಲಾವಣೆಯಿಂದಲೇ ಮಾಯ, ಮತ್ತೆ ನೋಟು ಕೊಟ್ಟು ಚಿನ್ನ ತಗೊಳ್ಳೋ ಹಾಗಾಗಿದ್ದು 1879ರ ಜನವರಿ 1ಕ್ಕೆ. ಆ ನಡುವಿನ ವರ್ಷಗಳಲ್ಲಿ ಫಿಲಡೆಲ್ಫಿಯಾ ಕೆಲವು ನಾಣ್ಯ ಎಷ್ಟು ಕಮ್ಮಿ ಮಾಡ್ತು ಅಂದ್ರೆ 1875ರ ಈಗಲ್ ಚಲಾವಣೆಗೆ ಅಂತ ಬರೀ 100. ಆದ್ರೆ ಕ್ಯಾಲಿಫೋರ್ನಿಯಾದ ಜನ ಕಾಗದದ ನೋಟು ಮುಟ್ಟಲಿಲ್ಲ, ಅಲ್ಲಿ ಚಿನ್ನಾನೇ ಕೈಯಿಂದ ಕೈಗೆ ಓಡಾಡ್ತು. ಹಾಗಾಗಿ 1860ರ ದಶಕದ ಎಸ್ ಗುರುತಿನ ಹಾಫ್ ಈಗಲ್, ಈಗಲ್ ಸಿಕ್ಕಿದ್ರೆ ಸವೆದೇ ಸಿಗತ್ತೆ. ಸವೆದಿದೆ ಅಂತ ಮೂಗು ಮುರೀಬೇಡಿ, ಆ ಇಸವಿಗೆ ಅದೇ ಒಳ್ಳೇ ಪೀಸು ಇರ್ಬಹುದು.

ಮೂರನೇದು ದೊಡ್ಡದು. 1933ರ ಏಪ್ರಿಲ್ 5ರಂದು ರೂಸ್‌ವೆಲ್ಟ್ ಸರ್ಕಾರ ಜನ ತಮ್ಮ ಹತ್ರ ಇರೋ ಚಿನ್ನ ತಂದು ಒಪ್ಪಿಸ್ಬೇಕು ಅಂತ ಆದೇಶ ಹೊರಡಿಸ್ತು. ಅಪರೂಪದ ನಾಣ್ಯ ಕೂಡಿಡೋರಿಗೆ ಅದರಲ್ಲಿ ವಿನಾಯಿತಿ ಇತ್ತು, ಪ್ರತಿಯೊಬ್ಬರೂ 100 ಡಾಲರಿನಷ್ಟು ಚಿನ್ನ ಇಟ್ಕೊಳ್ಳೋಕೂ ಅವಕಾಶ ಇತ್ತು, ಆದ್ರೂ ಒಪ್ಪಿಸಿದ ನಾಣ್ಯ ಗುಡ್ಡೆಗಟ್ಟಲೆ ಕರಗಿ ಗಟ್ಟಿಗಳಾದ್ವು. ಉಳಿದಿದ್ದು ಎರಡು ದಾರೀಲಿ: ಕಲೆಕ್ಟರ್‌ಗಳ ಪೆಟ್ಟಿಗೆಯಲ್ಲಿ, ಇಲ್ಲಾ ಅದಕ್ಕೂ ಮುಂಚೆ ವ್ಯಾಪಾರದ ಬಾಕಿ ತೀರಿಸೋಕೆ ಅಂತ ಯುರೋಪು, ದಕ್ಷಿಣ ಅಮೆರಿಕದ ಬ್ಯಾಂಕುಗಳಿಗೆ ಹೋಗಿದ್ದ ಚೀಲಗಳಲ್ಲಿ. ಇವತ್ತು ಮಾರ್ಕೆಟ್ಟಲ್ಲಿರೋ ಡಬಲ್ ಈಗಲ್‌ಗಳಲ್ಲಿ ಬಹಳಷ್ಟು ಹಾಗೆ ಸಮುದ್ರ ದಾಟಿ ವಾಪಸ್ ಬಂದವು, ಚೀಲದಲ್ಲಿ ಒಂದಕ್ಕೊಂದು ಉಜ್ಜಿ ಮೈಮೇಲೆ ಸಣ್ಣ ಸಣ್ಣ ಪೆಟ್ಟಿನ ಗುರುತು ಇರೋದು ಅದಕ್ಕೇ.

ಉಲ್ಟಾನೂ ಆಗತ್ತೆ. 1857ರ ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾ ಚಿನ್ನ ಹೊತ್ತು ನ್ಯೂಯಾರ್ಕಿಗೆ ಹೊರಟಿದ್ದ ಎಸ್‌ಎಸ್ ಸೆಂಟ್ರಲ್ ಅಮೆರಿಕ ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗ್ತು, 400ಕ್ಕೂ ಜಾಸ್ತಿ ಜನ ಸತ್ತರು. 1988ರಲ್ಲಿ ಹಡಗು ಸಿಕ್ತು, ಅದರಲ್ಲಿ 1857-ಎಸ್ ಡಬಲ್ ಈಗಲ್ 5 ಸಾವಿರಕ್ಕಿಂತ ಜಾಸ್ತಿ, ಹೆಚ್ಚಿನವು ನಿನ್ನೆ ಅಚ್ಚಾದಂಗೆ. ಅಲ್ಲೀವರೆಗೆ ಹೊಸದರಂತಿರೋ 1857-ಎಸ್ ಅಂದ್ರೆ ಅಪರೂಪ, ಆಮೇಲೆ ಆ ಮಾದರಿಯ ಚೆಂದದ ಪೀಸು ಬೇಕು ಅಂದ್ರೆ ಎಲ್ಲಕ್ಕಿಂತ ಸುಲಭವಾಗಿ ಸಿಗೋದೇ ಅದು ಅನ್ನೋ ಹಾಗಾಯ್ತು. 2013ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ದಂಪತಿ ತಮ್ಮ ಜಮೀನಲ್ಲಿ ನಾಯಿ ಜೊತೆ ನಡೀತಿದ್ದಾಗ ಹೂತಿಟ್ಟ ಡಬ್ಬಿಗಳು ಸಿಕ್ವು, ಒಳಗೆ 1,427 ಚಿನ್ನದ ನಾಣ್ಯ, ಅದನ್ನ ಸ್ಯಾಡಲ್ ರಿಜ್ ನಿಧಿ ಅಂತ ಕರೀತಾರೆ. ಯಾವ ಇಸವಿಗೆ ದುಡ್ಡು ಸುರೀತಿದೀರೋ ಅದರ ನಿಧಿ ಕಥೆ ಏನಾದ್ರೂ ಇದ್ಯಾ ಅಂತ ನೋಡಿನೇ ಮುಂದಕ್ಕೆ ಹೋಗಿ.

ಹೆಜ್ಜೆ 3: ಒಂದು ದಾರಿ ಆರಿಸ್ಕೊಳ್ಳಿ

ಕಂಡಿದ್ದೆಲ್ಲಾ ಕೊಂಡ್ರೆ ಕಡೇಗೆ ಕೈಲಿ ಇರೋದು ಬರೀ ಚಿನ್ನದ ರಾಶಿ. ನನ್ನ ಪ್ರಕಾರ ಮೂರು ದಾರಿ ಚೆನ್ನಾಗಿದೆ.

ಒಂದು, ಟೈಪ್ ಸೆಟ್, ಅಂದ್ರೆ ವಿನ್ಯಾಸಕ್ಕೊಂದು ನಾಣ್ಯ. ಶತಮಾನದ ಮಧ್ಯದಿಂದ ಮುಂದಕ್ಕೆ ತಗೊಂಡ್ರೆ 12 ನಾಣ್ಯಕ್ಕೆ ಮುಗಿಯತ್ತೆ: 1 ಡಾಲರಲ್ಲಿ ಮೂರು ಟೈಪು, ಕ್ವಾರ್ಟರ್ ಈಗಲ್ ಒಂದು, 3 ಡಾಲರ್ ಒಂದು, ಹಾಫ್ ಈಗಲ್ ಮತ್ತು ಈಗಲ್ಲಿನಲ್ಲಿ 'ಇನ್ ಗಾಡ್ ವಿ ಟ್ರಸ್ಟ್' ಸಾಲು ಇಲ್ಲದ್ದೊಂದು ಇರೋದೊಂದು, ಡಬಲ್ ಈಗಲ್ಲಿನಲ್ಲಿ ಮೂರು. ಆ ಸಾಲು ಸೇರಿದ್ದು 1866ರಲ್ಲಿ. ಡಬಲ್ ಈಗಲ್ಲಿಗೆ 1850ರಿಂದ 1866ರವರೆಗೆ ಟೈಪ್ 1, 1866ರಿಂದ 1876ರವರೆಗೆ ಸಾಲು ಸೇರಿದ ಟೈಪ್ 2, ಬೆಲೆ 'ಟ್ವೆಂಟಿ ಡಿ' ಅಂತ ಇದ್ದಿದ್ದು 1877ರಲ್ಲಿ 'ಟ್ವೆಂಟಿ ಡಾಲರ್ಸ್' ಅಂತ ಪೂರ್ತಿಯಾದ ಮೇಲೆ ಟೈಪ್ 3. ಈ 12ರಲ್ಲಿ ಕಾಟ ಕೊಡೋದು 1 ಡಾಲರಿನ ಟೈಪ್ 2, 1854ರಿಂದ 1856ರವರೆಗೆ ಮಾತ್ರ ಅಚ್ಚಾಗಿದ್ದು, ವಿನ್ಯಾಸದ ದೋಷದಿಂದ ಇಸವಿಯ ಮಧ್ಯದ ಅಂಕಿಗಳು ಸರಿಯಾಗಿ ಮೂಡೋದೇ ಕಷ್ಟ. ಅದನ್ನ ಕೊನೆಗೆ ಇಟ್ಕೊಳ್ಳದೆ ಮೊದಲೇ ಹುಡುಕೋಕೆ ಶುರು ಮಾಡಿ.

ಎರಡು, ಮಿಂಟ್ ಸೆಟ್, ನನಗೆ ತುಂಬಾ ಇಷ್ಟ ಆಗೋದು ಇದೇ. ಎಲ್ಲಾ ಚಿನ್ನದ ಮಿಂಟುಗಳಲ್ಲೂ ಅಚ್ಚಾದ ಮುಖಬೆಲೆ ಹಾಫ್ ಈಗಲ್ ಒಂದೇ, ಹಾಗಾಗಿ 19ನೇ ಶತಮಾನದ ಆರು ಮಿಂಟಿಂದ ಒಂದೊಂದು ಅಂತ ಆರು ಹಾಫ್ ಈಗಲ್ ಸೇರಿಸ್ಬಹುದು. ಫಿಲಡೆಲ್ಫಿಯಾ, ಸ್ಯಾನ್ ಫ್ರಾನ್ಸಿಸ್ಕೋ 1880ರ ದಶಕದವು ಚಿನ್ನದ ಬೆಲೆಗಿಂತ ಸ್ವಲ್ಪ ಮೇಲಕ್ಕೆ ಸಿಗತ್ತೆ. ಕಾರ್ಸನ್ ಸಿಟಿಗೆ 1891-ಸಿಸಿ ಹುಡುಕಿ, 2,08,000 ಅಚ್ಚಾಗಿ ಉಳಿದದ್ದೂ ಜಾಸ್ತಿ. ನ್ಯೂ ಆರ್ಲಿಯನ್ಸಿಗೆ 1844-ಓ. ಶಾರ್ಲಟ್, ಡಲೋನಿಗಾ ಎರಡಕ್ಕೆ ದುಡ್ಡು ಬಿಚ್ಚಲೇಬೇಕು, 1850ರ ದಶಕದ ಆರಂಭದವು ಸ್ವಲ್ಪ ಕೈಗೆಟಕತ್ತೆ. ಈ ಸೆಟ್ಟಿನ ಇನ್ನೊಂದು ಖುಷಿ ಅಂದ್ರೆ ರಜೇಲಿ ಊರು ಸುತ್ತೋಕೆ ನೆಪ ಸಿಗತ್ತೆ: ಕಾರ್ಸನ್ ಸಿಟಿಯ ಹಳೇ ಮಿಂಟ್ ಕಟ್ಟಡ ಈಗ ನೆವಾಡಾ ಸ್ಟೇಟ್ ಮ್ಯೂಸಿಯಮ್ಮಿನ ಭಾಗ, ಡಲೋನಿಗಾದ ಹಳೇ ಕೋರ್ಟು ಕಟ್ಟಡದಲ್ಲಿ ಚಿನ್ನದ ಮ್ಯೂಸಿಯಂ ಇದೆ, ಅಟ್ಲಾಂಟಾದಿಂದ ಕಾರಲ್ಲಿ ಹೋಗಿ ಸಂಜೆ ವಾಪಸ್ ಬರ್ಬಹುದು.

ಮೂರು, ಒಂದೇ ಕಥೆಯ ಸುತ್ತ ಕೂಡಿಡೋದು, ಹಡಗಿನ ನಾಣ್ಯ, ಕ್ಯಾಲಿಫೋರ್ನಿಯಾ ಗೋಲ್ಡ್ ರಶ್, ಹೀಗೆ. ಇದರಲ್ಲಿ ಎಚ್ಚರ ಏನಂದ್ರೆ ಪೆಟ್ಟಿಗೆ, ಸರ್ಟಿಫಿಕೇಟು, ಕಥೆ ಅಂತ ರೇಟು ಏರಿಸ್ತಾರೆ, ಮಾರೋಕೆ ಹೋದಾಗ ಅಷ್ಟು ವಾಪಸ್ ಬರಲ್ಲ.

ಹೆಜ್ಜೆ 4: ಕಣ್ಣು ಪಳಗಿಸಿ

ನಾಣ್ಯಕ್ಕೆ 1ರಿಂದ 70ರವರೆಗೆ ಗ್ರೇಡ್ ಕೊಡ್ತಾರೆ. ಎಕ್ಸ್‌ಎಫ್ 40, 45 ಅಂದ್ರೆ ಸ್ವಲ್ಪ ಓಡಾಡಿದ್ದು, ಎಯು 50ರಿಂದ 58 ಅಂದ್ರೆ ಹೆಸರಿಗೆ ಮಾತ್ರ ಸವೆದಿದ್ದು, ಎಂಎಸ್ 60ರಿಂದ ಮೇಲಕ್ಕೆ ಚಲಾವಣೆಯ ಸವೆತ ಇಲ್ಲದ್ದು. ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಹೋಲ್ಡರಲ್ಲಿ ಸೀಲ್ ಮಾಡೋ ದೊಡ್ಡ ಕಂಪನಿಗಳು ಎರಡು, 1986ರಲ್ಲಿ ಶುರುವಾದ ಪಿಸಿಜಿಎಸ್, 1987ರ ಎನ್‌ಜಿಸಿ. ಆ ಹೋಲ್ಡರಿಗೆ ಸ್ಲ್ಯಾಬ್ ಅಂತಾರೆ. ಸಿಎಸಿ ಅನ್ನೋರು ಆ ಸ್ಲ್ಯಾಬುಗಳನ್ನೇ ಮತ್ತೆ ನೋಡಿ ಗ್ರೇಡಿಗೆ ತಕ್ಕ ಗಟ್ಟಿ ನಾಣ್ಯ ಅನ್ನಿಸಿದ್ರೆ ಹಸಿರು ಸ್ಟಿಕರ್ ಹಾಕ್ತಾರೆ.

ನಂಬರ್ ಒಂದನ್ನೇ ನಂಬ್ಕೊಂಡು ಕೊಳ್ಳಬೇಡಿ. ಎಂಎಸ್ 61 ಅಂತ ಇದ್ರೂ ಮೈತುಂಬಾ ಪೆಟ್ಟಿದ್ರೆ ಅದಕ್ಕಿಂತ ಎಯು 58 ಎಷ್ಟೋ ಸಲ ನೋಡೋಕೆ ಚೆಂದ, ರೇಟೂ ಕಮ್ಮಿ. ಶಾರ್ಲಟ್, ಡಲೋನಿಗಾ ನಾಣ್ಯಗಳಲ್ಲಿ ಅಚ್ಚೇ ಮೆತ್ತಗೆ ಬಿದ್ದಿರತ್ತೆ, ಕೂದಲು, ಹದ್ದಿನ ಕುತ್ತಿಗೆ ಮಸುಕಾಗಿದ್ರೆ ಸವೆದಿದೆ ಅಂತಲ್ಲ, ಅಕ್ಷರಗಳ ನಡುವೆ, ನಕ್ಷತ್ರಗಳ ಸಂದಿಯಲ್ಲಿ ಮೂಲ ಹೊಳಪು ಉಳಿದಿದ್ಯಾ ಅಂತ ನೋಡಿ. ಒಂದೇ ದೀಪದ ಕೆಳಗೆ ನಾಣ್ಯಾನ ನಿಧಾನ ವಾಲಿಸಿದ್ರೆ ಹೊಳಪು ಸುತ್ತ ತಿರುಗಬೇಕು, ತಿರುಗದೆ ಒಂದೇ ಕಡೆ ಕನ್ನಡಿ ಥರ ಫಳಫಳ ಅಂತಿದ್ರೆ, ಇಲ್ಲಾ ಒಂದೇ ದಿಕ್ಕಿಗೆ ಕೂದಲೆಳೆ ಗೀಟು ಕಂಡ್ರೆ ಯಾರೋ ಉಜ್ಜಿದಾರೆ.

ಒಡವೆ ಆಗಿದ್ದ ನಾಣ್ಯ ಇನ್ನೊಂದು ಕಾಟ. ನಮ್ಮ ಕಾಸಿನ ಸರದಂಗೆ ಅಲ್ಲೂ 1 ಡಾಲರ್, ಕ್ವಾರ್ಟರ್ ಈಗಲ್ ಎಲ್ಲಾ ಬ್ರೋಚು, ಪೆಂಡೆಂಟು ಅಂತ ಬಳಸಿದಾರೆ, ಅಂಚಲ್ಲಿ ಬೆಸುಗೆ ಹಾಕಿ ಕೊಂಡಿ ತೆಗೆದಿರ್ತಾರೆ, ತೂತು ಮುಚ್ಚಿರ್ತಾರೆ. ಅಂಚಿನ ಗೀರುಗಳು ಸುತ್ತಲೂ ಒಂದೇ ಸಮ ಇದ್ಯಾ ಅಂತ 10 ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿಯಲ್ಲಿ (ಲೂಪಲ್ಲಿ) ನೋಡಿ. ಇಂಥದ್ದಕ್ಕೆ ಗ್ರೇಡಿಂಗ್ ಕಂಪನಿಗಳು ನಂಬರ್ ಕೊಡದೆ 'ಡೀಟೇಲ್ಸ್' ಅಂತ ಬರೀತಾರೆ, ರೇಟು ಚೆನ್ನಾಗಿ ಇಳಿಯತ್ತೆ. ಡಲೋನಿಗಾದಂಥ ದುಬಾರಿ ನಾಣ್ಯ ಹೇಗಾದ್ರೂ ಬೇಕೇ ಬೇಕು ಅಂದ್ರೆ ಡೀಟೇಲ್ಸ್ ಪೀಸು ಅಗ್ಗಕ್ಕೆ ತಗೊಳ್ಳೋದು ತಪ್ಪಲ್ಲ, ಮಾರುವಾಗಲೂ ಅಗ್ಗಕ್ಕೇ ಹೋಗತ್ತೆ ಅಂತ ಗೊತ್ತಿದ್ರೆ ಸಾಕು.

ಹೆಜ್ಜೆ 5: ನಕಲಿ, ಅದೂ ಅಸಲಿ ಚಿನ್ನದಲ್ಲಿ

ಗುರುತಿನ ಆಚಾರ್ರ ಹತ್ರ ಕೊಟ್ಟು ಚೆಕ್ ಮಾಡಿಸ್ತೀನಿ ಅನ್ನೋರಿಗೆ: ಮಾಡಿಸ್ಬೇಡಿ. ಒರೆಗಲ್ಲಿಗೆ ಒಂದ್ಸಲ ಉಜ್ಜಿದ್ರೆ ಕಲೆಕ್ಟರ್ ಬೆಲೆ ಅಲ್ಲೇ ಹೋಯ್ತು. ಕ್ಯಾರೆಟ್ ಮೀಟರಿಂದ ಹಾನಿ ಇಲ್ಲ, ಆದ್ರೆ ಉತ್ತರಾನೂ ಸಿಗಲ್ಲ, ಯಾಕಂದ್ರೆ ಒಳ್ಳೇ ನಕಲಿಗಳು ಅಸಲಿ ಚಿನ್ನದಲ್ಲೇ, ಸರಿಯಾದ ತೂಕದಲ್ಲೇ ಇರತ್ತೆ. ಎರಡನೇ ಮಹಾಯುದ್ಧ ಆದ್ಮೇಲೆ ಲೆಬನಾನ್ ಕಡೆ ಇಂಥ ನಕಲಿಗಳು ತುಂಬಾ ತಯಾರಾದ್ವು. ಚಿನ್ನದ ಬೆಲೆ ಮೇಲೆ ಕಲೆಕ್ಟರ್ ಕೊಡೋ ಹೆಚ್ಚುವರಿ ದುಡ್ಡೇ ಅವರ ಲಾಭ.

ನೋಡ್ಬೇಕಾದ್ದು ಮೈ. ನಕಲಿ ಅಚ್ಚನ್ನ ಅಸಲಿ ನಾಣ್ಯದಿಂದ ಎತ್ತಿರ್ತಾರೆ, ಹಾಗಾಗಿ ಆ ಅಸಲಿ ನಾಣ್ಯದ ಪೆಟ್ಟು, ಗುಳಿ ಎಲ್ಲಾ ಪ್ರತಿ ನಕಲಿಯಲ್ಲೂ ಅದೇ ಜಾಗದಲ್ಲಿ ಬರತ್ತೆ, ಗುಳಿಯ ತಳವೂ ಸುತ್ತಲ ಮೈಯಷ್ಟೇ ಹೊಳೀತಿರತ್ತೆ. ಅಕ್ಷರದ ತುದಿಯಿಂದ ಸಣ್ಣ ಮುಳ್ಳು ಎದ್ದಂಗೆ ಕಾಣೋದು, ವಿವರಗಳು ಸೋಪಿನಂಗೆ ನುಣ್ಣಗಿರೋದು, ಬಯಲು ಭಾಗ ಮರಳು ಮರಳಾಗಿರೋದು, ಇವೂ ಸುಳಿವು. ಇನ್ನೊಂದು ಜಾತಿ ಮೋಸ, ಅಸಲಿ ಫಿಲಡೆಲ್ಫಿಯಾ ನಾಣ್ಯಕ್ಕೆ ಸಿಸಿ ಅಥವಾ ಡಿ ಅಂಟಿಸೋದು, ಅಕ್ಷರದ ಬುಡದಲ್ಲಿ ಸಂದಿ, ಬಣ್ಣದ ವ್ಯತ್ಯಾಸ ಇದ್ಯಾ ಅಂತ ಲೂಪ್ ಇಟ್ಟು ನೋಡ್ಬೇಕು. ಸ್ಲ್ಯಾಬ್ ಇಲ್ಲದ ನಾಣ್ಯಕ್ಕೆ ತೂಕ, ವ್ಯಾಸ ಅಳೀರಿ, ನೀರಲ್ಲಿ ತೂಗಿ ಸಾಂದ್ರತೆ ತೆಗೆದ್ರೆ 17.2ರ ಆಸುಪಾಸು ಬರ್ಬೇಕು. ಹೊಂದಲಿಲ್ಲ ಅಂದ್ರೆ ಬಿಟ್ಬಿಡಿ, ಹೊಂದಿತು ಅಂದ ಮಾತ್ರಕ್ಕೆ ಅಸಲಿ ಅಂತಲ್ಲ.

ಹಾಗಂತ ಅಪರೂಪ ಇರೋದೆಲ್ಲಾ ನಕಲಿನೂ ಅಲ್ಲ. 1854-ಎಸ್ ಹಾಫ್ ಈಗಲ್ ಅಚ್ಚಾಗಿದ್ದೇ 268, ಗೊತ್ತಿರೋದು ಬೆರಳೆಣಿಕೆ. ಅಂಥದ್ದು ಹೊಸದಾಗಿ ಒಂದು ಸಿಕ್ಕಾಗ ನೋಡಿದ ಡೀಲರುಗಳು ನಕಲಿ ಅಂದಿದ್ರಂತೆ, ಕೊನೆಗೆ ಎನ್‌ಜಿಸಿ ಅಸಲಿ ಅಂತ ಖಾತ್ರಿ ಮಾಡ್ತು, 2018ರಲ್ಲಿ 20 ಲಕ್ಷ ಡಾಲರಿಗೂ ಮೇಲೆ ಮಾರಾಟ ಆಯ್ತು. ನಿಮಗೆ ಹಾಗಾಗತ್ತೆ ಅಂತ ಕಾಯೋದು ಬೇಡ. ಶುರುವಿನ ಒಂದೆರಡು ವರ್ಷ ಸ್ಲ್ಯಾಬ್ ಇರೋದನ್ನೇ ಕೊಳ್ಳಿ, ಸ್ಲ್ಯಾಬಿನ ನಂಬರನ್ನ ಆ ಕಂಪನಿ ವೆಬ್‌ಸೈಟಲ್ಲಿ ಹಾಕಿ ಫೋಟೋ ಇದ್ರೆ ಗುರುತಿಗೆ ಗುರುತು ಹೋಲಿಸಿ, ಯಾಕಂದ್ರೆ ಸ್ಲ್ಯಾಬನ್ನೇ ನಕಲು ಮಾಡೋರೂ ಇದಾರೆ.

ಹೆಜ್ಜೆ 6: ರೇಟು ಕಟ್ಟೋದು, ಕೊಳ್ಳೋದು

ಮೊದಲು ಚಿನ್ನದ ಬೆಲೆ ತೆಗೀರಿ. ಡಬಲ್ ಈಗಲ್ಲಲ್ಲಿ 0.9675 ಔನ್ಸ್ ಶುದ್ಧ ಚಿನ್ನ, ಈಗಲ್ಲಲ್ಲಿ ಅದರರ್ಧ, ಹಾಫ್ ಈಗಲ್ಲಲ್ಲಿ ಕಾಲು. ಅವತ್ತಿನ ಔನ್ಸ್ ರೇಟಿಂದ ಗುಣಿಸಿ. ಅದರ ಮೇಲೆ ಎಷ್ಟು ಕೊಡ್ತಿದೀರೋ ಅದಷ್ಟೇ ನಾಣ್ಯಕ್ಕೆ, ಆ ದುಡ್ಡು ಯಾಕೆ ಕೊಡ್ತಿದೀನಿ ಅಂತ ನಿಮಗೇ ಉತ್ತರ ಗೊತ್ತಿರ್ಬೇಕು. ಚಿನ್ನ ಏರಿದಾಗ ಮಾಮೂಲಿ ಇಸವಿಯ ಡಬಲ್ ಈಗಲ್ಲಿನ ಹೆಚ್ಚುವರಿ ಬೆಲೆ ಕರಗಿ ಬಹುತೇಕ ಚಿನ್ನದ ರೇಟಿಗೇ ಬಂದು ನಿಲ್ಲತ್ತೆ, ಹಡಗಿನ ನಾಣ್ಯ, ಡಲೋನಿಗಾ ಇವೆಲ್ಲ ಅಷ್ಟಾಗಿ ಚಿನ್ನದ ಹಿಂದೆ ಓಡಲ್ಲ.

ಅಂಗಡಿಯವರ ಪಟ್ಟಿ ರೇಟಿಗಿಂತ ಹರಾಜಿನ ಹಳೇ ಫಲಿತಾಂಶ ನೋಡೋದು ಒಳ್ಳೇದು. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್, ಗ್ರೇಟ್ ಕಲೆಕ್ಷನ್ಸ್ ಇವರ ಹಳೇ ಹರಾಜು ಆನ್‌ಲೈನಲ್ಲಿ ಫೋಟೋ ಸಮೇತ ಸಿಗತ್ತೆ. ಅದೇ ಇಸವಿ, ಅದೇ ಗ್ರೇಡು, ಕೊನೆಯ ನಾಲ್ಕೈದು ಮಾರಾಟ ಪಕ್ಕಪಕ್ಕ ಇಟ್ಟು ನೋಡಿ, ರೇಟು ಹೆಚ್ಚು ಬಂದಿದ್ದು ಯಾಕೆ ಕಮ್ಮಿ ಬಂದಿದ್ದು ಯಾಕೆ ಅಂತ ಫೋಟೋದಲ್ಲೇ ಗೊತ್ತಾಗತ್ತೆ, ನಿಜ ಹೇಳ್ಬೇಕಂದ್ರೆ ಇದಕ್ಕಿಂತ ಒಳ್ಳೇ ಪಾಠ ಇನ್ನೊಂದಿಲ್ಲ, ಅದೂ ಫ್ರೀ. ಬಿಡ್ ಮಾಡುವಾಗ ಬಯರ್ಸ್ ಪ್ರೀಮಿಯಂ ಮರೀಬೇಡಿ, ದೊಡ್ಡ ಹರಾಜುಗಳಲ್ಲಿ ಶೇಕಡಾ 20ರ ಹತ್ರ ಇರತ್ತೆ, ಅಂದ್ರೆ 1,000 ಡಾಲರಿಗೆ ಕೂಗು ನಿಂತ್ರೆ ನೀವು ಕೊಡೋದು 1,200, ಮೇಲೆ ಶಿಪ್ಪಿಂಗ್, ಕೆಲವು ರಾಜ್ಯಗಳಲ್ಲಿ ಸೇಲ್ಸ್ ಟ್ಯಾಕ್ಸು.

ಸಾಧ್ಯ ಆದ್ರೆ ಕಾಯಿನ್ ಶೋಗೆ ಹೋಗಿ. ಜನವರಿಯಲ್ಲಿ ಫ್ಲಾರಿಡಾದ ಫನ್ ಶೋ, ಅಲ್ಲಿನ ಬೇಸಿಗೆ ಕೊನೇಲಿ, ಅಂದ್ರೆ ಆಗಸ್ಟ್ ಸುಮಾರಿಗೆ, ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ನಿನ ದೊಡ್ಡ ಮೇಳ. ಕೈಗೆ ಕೊಟ್ರೆ ಅಂಚು ಹಿಡ್ಕೊಂಡೇ ನೋಡಿ, ಮುಖದ ಮೇಲೆ ಹೆಬ್ಬೆರಳು ಇಟ್ರೆ ಡೀಲರ್ ಮುಖಾನೇ ಬದಲಾಗತ್ತೆ. ಟಿವಿಯಲ್ಲಿ ಫೋನ್ ನಂಬರ್ ಹಾಕಿ ಇವತ್ತೊಂದೇ ದಿನ ಅಂತ ಮಾರೋರಿಂದ ದೂರ ಇರಿ.

ಹೆಜ್ಜೆ 7: ಇಟ್ಕೊಳ್ಳೋದು, ತೆರಿಗೆ, ಊರಿಗೆ ತರೋದು

ತೊಳೀಬೇಡಿ. ಹುಣಸೆಹಣ್ಣು, ಅಂಟುವಾಳ, ಟೂತ್‌ಪೇಸ್ಟು ಯಾವುದೂ ಬೇಡ. ಚಿನ್ನದ ಮೇಲಿನ ಕೆಂಪು ಮಚ್ಚೆ ಮಿಶ್ರಣದಲ್ಲಿರೋ ತಾಮ್ರದ್ದು, ಅದು ಇದ್ರೆ ಇರ್ಲಿ. ಪಿವಿಸಿ ಇರೋ ಮೆತ್ತನೆ ಪ್ಲಾಸ್ಟಿಕ್ ಕವರಿನಿಂದ ದಿನ ಕಳೆದಂತೆ ಹಸಿರು ಜಿಡ್ಡು ಕೂರತ್ತೆ, ಅದನ್ನ ಬಳಸ್ಬೇಡಿ. ಬ್ಯಾಂಕ್ ಲಾಕರಲ್ಲಿ ಇಟ್ರೆ ಒಳ್ಳೇದು, ಮನೆ ಇನ್ಶೂರೆನ್ಸಲ್ಲಿ ನಾಣ್ಯಕ್ಕೆ ಸಿಗೋ ಮೊತ್ತ ಸಾಮಾನ್ಯವಾಗಿ ತೀರಾ ಕಮ್ಮಿ, ಕಲೆಕ್ಷನ್ ದೊಡ್ಡದಾದ್ರೆ ಪ್ರತ್ಯೇಕ ಪಾಲಿಸಿ ಬೇಕು. ಅಮೆರಿಕದಲ್ಲಿ ನಾಣ್ಯ ಮಾರಿ ಬಂದ ದೀರ್ಘಾವಧಿ ಲಾಭಕ್ಕೆ ಫೆಡರಲ್ ತೆರಿಗೆ ಶೇಕಡಾ 28ರವರೆಗೆ ಹೋಗ್ಬಹುದು, ಶೇರಿನ ಲೆಕ್ಕ ಇಲ್ಲಿ ನಡೆಯಲ್ಲ, ಅದಕ್ಕೇ ಕೊಂಡ ಬಿಲ್ಲು ಎತ್ತಿಡಿ.

ಊರಿಗೆ ತರೋರು ಒಂದು ತಿಳ್ಕೊಳ್ಳಿ, ಬೆಂಗಳೂರು ಏರ್‌ಪೋರ್ಟಲ್ಲಿ ಒಡವೆಗೆ ಇರೋ ಡ್ಯೂಟಿ ರಿಯಾಯಿತಿ ನಾಣ್ಯಕ್ಕೆ ಸಿಗಲ್ಲ. ಹಳೇದು, ಹವ್ಯಾಸಕ್ಕೆ ಅಂದ್ರೂ ಕಸ್ಟಮ್ಸಿಗೆ ಅದು ಚಿನ್ನಾನೇ, ರೆಡ್ ಚಾನಲಲ್ಲಿ ಹೋಗಿ ಡಿಕ್ಲೇರ್ ಮಾಡ್ಬೇಕು, ಹೊರಡೋಕೆ ಮುಂಚೆ ಆ ವರ್ಷದ ನಿಯಮ, ದರ ಕಸ್ಟಮ್ಸ್ ವೆಬ್‌ಸೈಟಲ್ಲಿ ನೋಡ್ಕೊಂಡು ಬಿಲ್ಲು ಜೊತೆಗಿಟ್ಕೊಂಡು ಬನ್ನಿ. ಡ್ಯೂಟಿ ಲೆಕ್ಕ ಹಾಕಿದ್ಮೇಲೆ ಎಷ್ಟೋ ಜನ ಅಲ್ಲಿನ ಲಾಕರಲ್ಲೇ ಬಿಟ್ಟು ಬರ್ತಾರೆ.

ಕೊನೇದಾಗಿ ಒಂದು ಪಟ್ಟಿ ಮಾಡಿ ಮನೆಯವರಿಗೆ ಕೊಟ್ಟಿರಿ: ಇಸವಿ, ಮಿಂಟ್, ಸ್ಲ್ಯಾಬ್ ನಂಬರ್, ಎಲ್ಲಿ ಎಷ್ಟಕ್ಕೆ ಕೊಂಡಿದ್ದು, ಮಾರೋದಾದ್ರೆ ಯಾವ ಹರಾಜಿನವರನ್ನ ಕೇಳ್ಬೇಕು. ಪಟ್ಟಿ ಮೇಲೆ ದಪ್ಪಕ್ಷರದಲ್ಲಿ ಇದನ್ನ ಗ್ರಾಂ ಲೆಕ್ಕದಲ್ಲಿ ಮಾರಬಾರದು, ಸ್ಲ್ಯಾಬ್ ಒಡೀಬಾರದು ಅಂತ ಬರೀರಿ.